ಉಮ್ಮನ ದನಿ ಉಳಿದ ನಾಲ್ಕು ನಿಮಿಷ

ಅದು 1985ನೇ ಇಸವಿ. ಸೌದಿಯ ತಾಯಿಫ್‌ನಲ್ಲಿ ಒಂದು ಪಾತ್ರೆ ಅಂಗಡಿಯಲ್ಲಿ ನಾನು ಸೇಲ್ಸ್‌ಮ್ಯಾನ್ ಆಗಿದ್ದೆ. ಅದರ ಹಿಂದಿನ ವರ್ಷವೇ ರೇಡಿಯೊ, ಟೇಪ್ ಎರಡೂ ಇರುವ ಹೊಸ ಟೂ-ಇನ್-ವನ್ ಒಂದನ್ನು ಕೊಂಡಿದ್ದೆ. ಧೂಳು ಕೂರದಂತೆ ಅದಕ್ಕೆ ಕರವಸ್ತ್ರ ಹೊದಿಸುತ್ತಿದ್ದೆ ಎಂದರೆ ನನ್ನ ಜಂಬ ಎಷ್ಟಿತ್ತೆಂದು ನೀವೇ ಊಹಿಸಿ. ಎದುರು ಸಾಲಿನಲ್ಲಿ ಒಬ್ಬ ಅರಬಿ ಮುದುಕ ಹಳೆಯ ಗ್ರಾಮಫೋನು, ಹಾಡಿನ ತಟ್ಟೆಗಳು, ಮರದ ರೇಡಿಯೊಗಳನ್ನೆಲ್ಲ ಪೇರಿಸಿಕೊಂಡು ಕೂರುತ್ತಿದ್ದ. ನಾವು ಅದನ್ನು ಗುಜರಿ ಅಂಗಡಿ ಎಂದು ತಮಾಷೆ ಮಾಡುತ್ತಿದ್ದೆವು.

ಊರಲ್ಲಿ ನನ್ನ ತಾಯಿಗೆ, ಉಮ್ಮನಿಗೆ, ಓದು ಬರಹ ಬರುತ್ತಿರಲಿಲ್ಲ. ಹಾಗಾಗಿ ನಮ್ಮ ಕಾಗದವೆಲ್ಲ ಕ್ಯಾಸೆಟ್‌ನಲ್ಲೇ. ಒಂದೇ ಕ್ಯಾಸೆಟ್ ರಜೆಗೆ ಹೋಗುವವರ ಕೈಯಲ್ಲಿ ಊರಿಗೆ ಹೋಗಿ, ರಜೆ ಮುಗಿಸಿದವರ ಕೈಯಲ್ಲಿ ವಾಪಸ್ ಬರುತ್ತಿತ್ತು. ಅವಳ ಮಾತು ಕೇಳಿ, ಅದರ ಮೇಲೆಯೇ ನನ್ನದನ್ನು ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ, ಸ್ಲೇಟು ಒರೆಸಿ ಬರೆದ ಹಾಗೆ. ಉಮ್ಮ ಪ್ರಶ್ನೆ ಕೇಳಿದಾಗಲೆಲ್ಲ ಉತ್ತರಕ್ಕೆಂದು ಸುಮ್ಮನೆ ಕಾಯುತ್ತಿದ್ದಳು. ಕ್ಯಾಸೆಟ್ ಉತ್ತರ ಕೊಡುವುದಿಲ್ಲ ಎಂದು ಎಷ್ಟು ಹೇಳಿದರೂ ಆ ಅಭ್ಯಾಸ ಬಿಡಲಿಲ್ಲ.

ನಾನು ಮಾತಿನಲ್ಲಿ ಜಿಪುಣ. ಹತ್ತು ನಿಮಿಷಕ್ಕೆ ಸರಕು ಖಾಲಿ.

"ನಿನ್ನದು ಮುಗಿದ ಮೇಲೆ ನನ್ನ ಸ್ವರವೇ ನನಗೆ ಕೇಳ್ತದೆ ಮಗನೇ. ಮಾತಿಗೂ ಬರವಾ ನಿನಗೆ?" ಎಂದು ಉಮ್ಮ ದೂರಿದ್ದಳು. ಅದು ಮನಸ್ಸಿಗೆ ನಾಟಿತು. ಆ ಸಲ ತಾಯಿಫ್‌ನ ಚಳಿ, ದಾಳಿಂಬೆ, ನಾನು ಸಾರು ಸೀಯಿಸಿದ್ದು, ಎಲ್ಲವನ್ನೂ ಹೇಳಿ ಹೆಚ್ಚುಕಡಿಮೆ ಕ್ಯಾಸೆಟ್ ತುಂಬಿಸಿಬಿಟ್ಟೆ.

ಅದನ್ನು ಕಳಿಸುವ ಮೊದಲೇ ಟೆಲಿಗ್ರಾಂ ಬಂತು. ಉಮ್ಮ ತೀರಿಹೋಗಿದ್ದಳು. ದಫನವೂ ಆಗಿತ್ತು.

ಮೂರನೆಯ ದಿನ ಅವಳ ದೂರು ನೆನಪಾಯಿತು. ನನ್ನ ಮಾತು ನಿಂತಲ್ಲಿಂದ ಮುಂದೆ ಅವಳದು ಸ್ವಲ್ಪವಾದರೂ ಉಳಿದಿರಬೇಕಲ್ಲ? ಕ್ಯಾಸೆಟ್ ಹಾಕಿದೆ. ನನ್ನ ಹರಟೆ ಮುಗಿಯುವುದೇ ಇಲ್ಲ. ಇಷ್ಟು ಯಾಕಾದರೂ ಮಾತಾಡಿದೆನೋ ಎಂದು ನನ್ನನ್ನೇ ಬೈದುಕೊಂಡೆ. ಕೊನೆಗೆ ಟಕ್ ಎಂದಿತು. "ಮತ್ತೆ ಮಗನೇ..." ಉಮ್ಮನ ದನಿ! ಅಷ್ಟರಲ್ಲಿ ನನ್ನ ಜಂಬದ ಟೂ-ಇನ್-ವನ್ ಕರಕರ ಎಂದು ರೀಲನ್ನು ನುಂಗಿತು. ಗಾಬರಿಯಲ್ಲಿ ಎಳೆದೆ, ತುಂಡಾಯಿತು.

ರೂಮಿನಲ್ಲಿದ್ದ ಮೂಲ್ಕಿಯ ಭೋಜಣ್ಣ ನನ್ನ ಕೈ ಹಿಡಿದುಕೊಂಡರು. "ಇನ್ನು ಎಳಿಬೇಡ ಮಾರಾಯ. ಆ ಗುಜರಿಯವನ ಹತ್ರ ಹೋಗುವ" ಎಂದರು.

ಮುದುಕ ಮುದ್ದೆಯಾದ ರೀಲನ್ನು ನೋಡಿ, ಯಾರ ಹಾಡು ಎಂದು ಕೇಳಿದ. ಉಮ್ಮಿ, ನನ್ನ ತಾಯಿ, ಎಂದು ಅರಬಿಯಲ್ಲಿ ಹೇಳಿ ಬೆರಳನ್ನು ಮೇಲೆ ತೋರಿಸಿದೆ. ಅವರು ಎದ್ದು ಅಂಗಡಿಯ ಶಟರನ್ನು ಅರ್ಧ ಇಳಿಸಿದರು. ಅಂದಿನಿಂದ ನಾನು ಅವರನ್ನು ಮುದುಕ ಎಂದದ್ದಿಲ್ಲ.

ಕ್ಯಾಸೆಟ್‌ನ ಪುಟ್ಟ ಸ್ಕ್ರೂಗಳನ್ನು ಬಿಚ್ಚಿದರು. ಹಾಲಿಲ್ಲದ ಸುಲೈಮಾನಿ ಚಹಾ ತುಂಬಿದ ಬೆಚ್ಚಗಿನ ಗ್ಲಾಸಿನ ಮೇಲೆ ರೀಲಿನ ಸುಕ್ಕನ್ನು ನಿಧಾನವಾಗಿ ಸವರಿದರು. ತುಂಡಾದ ತುದಿಗಳನ್ನು ಓರೆಯಾಗಿ ಕತ್ತರಿಸಿ ಅಂಟಿಸಿದರು. ಒಂದು ಹಳೆಯ, ಭಾರದ ಟೇಪ್ ರೆಕಾರ್ಡರ್ ತೆಗೆದು, ಅದು ರೀಲು ನುಂಗುವುದಿಲ್ಲ ಎಂದು ಮೊದಲು ತಮ್ಮದೇ ಕ್ಯಾಸೆಟ್ ಹಾಕಿ ನೋಡಿಕೊಂಡರು. ಆಮೇಲೆ ನನ್ನದನ್ನು ಹಾಕಿದರು.

ಬಾವಿಯ ನೀರು ಇಳಿದದ್ದು, ಕೋಳಿ ಮರಿ ಮಾಡಿದ್ದು, ನಾಲ್ಕು ನಿಮಿಷ ಅಷ್ಟೇ. ಕೊನೆಗೆ, "ಇನ್ನೆಂತ ಹೇಳುವುದು, ಮರೆತೇ ಹೋಯ್ತು. ನಿನ್ನ ಊಟ ಆಯ್ತಾ?" ಎಂದಳು. ಕಾದಳು. ಹಿಂದಿನಿಂದ ಒಂದು ಕಾಗೆ ಕೂಗಿತು. ರೀಲು ಮುಗಿಯಿತು.

ನನಗೆ ಅಳು ಒಡೆಯಿತು. ಅವರು "ಅಲ್ಲಾಹ್ ಯರ್‌ಹಮ್‌ಹಾ", ಅಲ್ಲಾಹನು ಅವಳಿಗೆ ಕರುಣೆ ತೋರಲಿ, ಎಂದು ಭುಜ ಒತ್ತಿ, ನನ್ನ ಅಳು ಬೀದಿಗೆ ಕೇಳದಿರಲಿ ಎಂದು ಗ್ರಾಮಫೋನಿಗೆ ಕೀ ಕೊಟ್ಟು ಒಂದು ತಟ್ಟೆ ಹಾಕಿದರು. ಸೂಜಿಯ ಆ ಚರಚರ ಸದ್ದು ಎಲ್ಲಿ ಕೇಳಿದರೂ ಈಗಲೂ ನಾನು ನಿಂತುಬಿಡುತ್ತೇನೆ.

ಊರಿಗೆ ಬಂದು ವರ್ಷಗಳಾದವು. ನಮ್ಮ ಮನೆಯಲ್ಲಿ ಈಗ ಹಳೆಯ ಟೇಪ್ ರೆಕಾರ್ಡರು, ತಟ್ಟೆಗಳದ್ದೇ ರಾಶಿ. ಹೆಂಡತಿ ಗುಜರಿ ಎನ್ನುತ್ತಾಳೆ, ನಾನು ಎದುರಾಡುವುದಿಲ್ಲ. ಈಚೆಗೆ ಮಗಳು ಉಮ್ಮನ ದನಿಯನ್ನು ಮೊಬೈಲಿಗೆ ಹಾಕಿಕೊಟ್ಟಳು. ಕೇಳಿದರೆ, ಪ್ರಶ್ನೆಯ ನಂತರದ ಮೌನವೇ ಇಲ್ಲ. ಖಾಲಿ ಇತ್ತಲ್ಲ, ತೆಗೆದೆ ಎಂದಳು. ಮೊದಲಿದ್ದ ಹಾಗೆಯೇ ಮಾಡಿಕೊಡು ಎಂದೆ.

ಅಲ್ಲಿ ಉಮ್ಮ ಕಾಯುತ್ತಿರುತ್ತಾಳೆ. ಆ ದಿನ ಹೇಳಲಾಗದ್ದನ್ನು ಈಗ ಪ್ರತಿ ಸಲ ಹೇಳುತ್ತೇನೆ, "ಆಯ್ತು ಉಮ್ಮ."