ಕೊಬ್ಬರಿ ಶೆಡ್ಡಿನ ಹಿಂದಿನ ಪಿಸುಮಾತು

ಕಳೆದ ಭಾನುವಾರ ಬಿಳಿಗೆರೆಯಲ್ಲಿ ಒಂದು ಮೊಬೈಲ್ ಅರೆಸ್ಟ್ ಆಗಿತ್ತು.

ಅರೆಸ್ಟ್ ಮಾಡಿದವರು ನನ್ನ ತಂಗಿಯ ಗಂಡ ರುದ್ರೇಶ್. ಮಗಳ ಕೈಯಿಂದ ಕಿತ್ತುಕೊಂಡ ಫೋನನ್ನು ಬೀರುವಿಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿ, ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ತುರುವೇಕೆರೆಯಿಂದ ಹೋದ ನಾನು ಚಪ್ಪಲಿ ಬಿಡುವ ಮೊದಲೇ ದೂರು ಶುರು. "ಒಂಬತ್ತನೇ ಕ್ಲಾಸ್ ಹುಡ್ಗಿ, ನೋಡಿ ಅತ್ತಿಗೆ. ಭಾನುವಾರ ಸಂಜೆ ಆದ್ರೆ ಕೊಬ್ಬರಿ ಶೆಡ್ ಹಿಂದೆ ಹೋಗಿ ಫೋನಲ್ಲಿ ಪಿಸುಪಿಸು ಅಂತಾಳೆ. ಹೋದ್ವಾರ ಅಳ್ತಿದ್ಲು. ಯಾವನೋ ಇದಾನೆ!"

ಮಗಳು ಸಿಂಚನ ಅಡುಗೆಮನೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ. "ಯಾರೇ ಅದು?"

"ಕೌನ್ಸೆಲರ್ ಮೇಡಂ, ದೊಡ್ಡಮ್ಮ."

ಸ್ಕೂಲಿನಲ್ಲೇ ಹಾಕಿಕೊಟ್ಟ ಆ್ಯಪ್ ಅಂತೆ. ಮನಸ್ಸಿಗೆ ಕಷ್ಟವಾದದ್ದನ್ನು ಅದರಲ್ಲಿ ಬರೆಯಬಹುದು, ವಾರಕ್ಕೊಮ್ಮೆ ಮೇಡಂ ಜೊತೆ ಮಾತಾಡಬಹುದು. ಇವಳಿಗೇನು ಕಷ್ಟ? ಪ್ರಶ್ನೆಪತ್ರಿಕೆ ಕೈಗೆ ಬಂದರೆ ಬೆರಳುಗಳು ನಡುಗುತ್ತವೆ, ಅಕ್ಷರ ಮಂಜಾಗುತ್ತದೆ, ಓದಿದ್ದೆಲ್ಲ ಖಾಲಿ! ಸ್ಕೂಲೇ ಬಿಟ್ಟುಬಿಡೋಣ ಅನ್ನಿಸಿತ್ತಂತೆ.

"ಮನೇಲಿ ಯಾಕೆ ಹೇಳ್ಲಿಲ್ಲ?"

"ಓದಿಲ್ಲ, ಅದ್ಕೇ ಭಯ ಅಂತಾರೆ ಅಪ್ಪ."

ಮೇಡಂ ಕಾಲ್ ಬರುವ ಹೊತ್ತಾಗಿತ್ತು. "ಅಪ್ಪನ ಎದುರೇ ಮಾತಾಡ್ತೀಯಾ?" ಅಂದೆ. ತುಸು ಯೋಚಿಸಿದಳು. ಆಮೇಲೆ ತಾನೇ ಒಳಗೆ ಹೋಗಿ ಕೈ ಚಾಚಿದಳು. "ಅಪ್ಪ, ಫೋನ್ ಕೊಡು. ಸ್ಪೀಕರ್ ಹಾಕ್ತೀನಿ, ನೀನೂ ಕೇಳು." (ಆ ಧೈರ್ಯ ನೋಡಿ!)

ರುದ್ರೇಶ್ ಬೀರುವಿನ ಬೀಗ ತೆಗೆದು ಫೋನ್ ಕೊಟ್ಟರು. ಅಷ್ಟರಲ್ಲೇ ಅದು ರಿಂಗಾಯಿತು. "ಮೇಡಂ, ಅಪ್ಪ, ಅಮ್ಮ, ದೊಡ್ಡಮ್ಮ ಎಲ್ಲಾ ಇಲ್ಲೇ ಇದಾರೆ, ಪರ್ವಾಗಿಲ್ಲ" ಎಂದಳು ಸಿಂಚನ.

"ಸರಿ ಪುಟ್ಟ. ನಿನ್ನೆ ಟೆಸ್ಟ್ ಹೇಗಾಯ್ತು?" ಹೆಣ್ಣು ದನಿ. ರುದ್ರೇಶ್ ಮುಖ ನೋಡಬೇಕಿತ್ತು ನೀವು.

"ಪೂರ್ತಿ ಬರೆದೆ ಮೇಡಂ! ಕೈ ನಡುಗ್ತು. ನೀವು ಹೇಳಿದಂಗೆ ಪೆನ್ ಕೆಳಗಿಟ್ಟು ನಿಧಾನಕ್ಕೆ ಉಸ್ರು ಬಿಟ್ಟೆ. ಗೊತ್ತಿರೋದನ್ನ ಮೊದ್ಲು ಬರೆದೆ. ಒಂದೂ ಬಿಡ್ಲಿಲ್ಲ!"

ಕಾಲ್ ಮುಗಿಯಿತು. ರುದ್ರೇಶ್ ಮಗಳ ಕಡೆ ತಿರುಗಿದರು. ಈಗ ಬೈಗುಳ ಬರುತ್ತದೆ ಅಂದುಕೊಂಡೆ. ಬಂದದ್ದೇ ಬೇರೆ.

"ನಂಗೂ ಹಿಂಗೇ ಆಗ್ತಿತ್ತು ಕಣವ್ವ. ಎಸ್ಸೆಸ್ಸೆಲ್ಸಿ ಮ್ಯಾಥ್ಸ್ ಪೇಪರ್ ಕೊಟ್ಟೇಟ್ಗೇ ವಾಂತಿ ಬಂತು. ಎದ್ದು ಆಚೆ ಬಂದ್ಬುಟ್ಟೆ. ಯಾರ್ಗೂ ಹೇಳಿಲ್ಲ."

ತಂಗಿ ಸೌಟು ಹಿಡಿದೇ ಮುಂದೆ ಬಂದಳು. "ನನ್ ಹತ್ರ ಜ್ವರ ಬಂದಿತ್ತು ಅಂದಿದ್ರಿ! ಮದುವೆ ಆದಾಗಿಂದ ಅದೇ ಜ್ವರದ ಕಥೆ ಕೇಳ್ತಿದೀನಲ್ರೀ!"

ಮೊದಲು ನಕ್ಕಿದ್ದು ಸಿಂಚನ. ಆಮೇಲೆ ನಾವೆಲ್ಲ, ಕಣ್ಣಲ್ಲಿ ನೀರು ಬರುವಷ್ಟು. ರುದ್ರೇಶ್ ಮಗಳ ಪಕ್ಕಕ್ಕೆ ಸರಿದು, "ಆ ಉಸ್ರು ಬಿಡೋದು ಹೆಂಗೆ, ತೋರ್ಸವ್ವ" ಅಂದರು. ಅಪ್ಪ-ಮಗಳು ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತರು. ಅಪ್ಪನಿಗೆ ನಡುವೆ ಆಕಳಿಕೆ. ಮಗಳ ಗದರಿಕೆ: "ಸರಿಯಾಗ್ ಮಾಡಪ್ಪ!"

ಮಕ್ಕಳ ಕೈಗೆ ಫೋನ್ ಕೊಡಬೇಕೋ ಬೇಡವೋ ಎಂದು ಮನೆಮನೆಯಲ್ಲೂ ಚರ್ಚೆ ಮಾಡುತ್ತೇವೆ. ಅವರ ಮಾತಿಗೆ ಕಿವಿ ಕೊಡುವ ಬಗ್ಗೆ ಯಾವ ಮನೆಯಲ್ಲಿ ಚರ್ಚೆಯಾಗಿದೆ, ಹೇಳಿ?