ಗೋಡೆ ಹತ್ತಿದ ಹೊಸ್ತಿಲು

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಆರ್ಕಿಟೆಕ್ಟ್ ಆಗಿ ಇಂದಿರಾನಗರದ ಶ್ರೀಮಂತರಿಗೆ ಬಾತ್‌ರೂಮುಗಳ ನಕ್ಷೆ ಬರೆದೂ ಬರೆದೂ ತಲೆಕೆಟ್ಟು ನಗರ ಯೋಜನೆಗೆ ಹೋದೆ. ಅಲ್ಲಿ ನಕ್ಷೆಯ ಮೇಲೆ ಕೆ.ಆರ್. ಪುರದ ಬೀದಿಬೀದಿಗಳಿಗೆ ಹಳದಿ ಬಳಿದು ‘ವಸತಿ’ ಎಂದು ಗುರುತಿಸುತ್ತಿದ್ದೆ. ಆ ಹಳದಿಯೊಳಗೆ ಒಬ್ಬ ಮನುಷ್ಯನೂ ಕಾಣಲಿಲ್ಲ. ಅದನ್ನೂ ಬಿಟ್ಟು, ಕಟ್ಟಡಗಳ ಬಗ್ಗೆ ಪತ್ರಿಕೆಗೆ ಬರೆಯುತ್ತಾ ವಸ್ತುಪ್ರದರ್ಶನಗಳನ್ನು ಏರ್ಪಡಿಸತೊಡಗಿದೆ. ತಾಯಿಯಿಲ್ಲದ ನನ್ನನ್ನು ಹಲಸೂರಿನ ಮನೆಯಲ್ಲಿ ಸಾಕಿದ ದೊಡ್ಡಮ್ಮ ಸಿಕ್ಕಾಗಲೆಲ್ಲ, “ಈಗ ಎಲ್ಲಿದೀಯೇ?” ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗೇ ಹೆದರಿ ನಾನು ಕಮ್ಮನಹಳ್ಳಿಯ ಬಾಡಿಗೆ ಕೋಣೆಯಿಂದ ಅತ್ತ ಹೋಗುವುದನ್ನೇ ಕಡಿಮೆ ಮಾಡಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವಳ ಮಕ್ಕಳು ಆ ಮನೆ ಕೆಡವಿ ಬಾಡಿಗೆ ಮನೆಗಳನ್ನು ಕಟ್ಟಿಸಲು ಹೊರಟರು. ಬಾಗಿಲು, ತೊಲೆಗಳೆಲ್ಲ ಶಿವಾಜಿನಗರದ ಹಳೆ ಮರದ ಅಂಗಡಿಗೆ ಹೋದವು. ಹೊಸ್ತಿಲನ್ನು ಮಾತ್ರ ದೊಡ್ಡಮ್ಮ ಬಿಡಲಿಲ್ಲ. ಅವಳು ಮದುವೆಯಾಗಿ ಬಂದಾಗಿನಿಂದ ಶುಕ್ರವಾರ ಶುಕ್ರವಾರ ಅರಿಶಿನ ಹಚ್ಚಿದ ಹೊಸ್ತಿಲು ಅದು.

“ನೀನು ಇಟ್ಕೊಂಡಿರು. ಗೃಹಪ್ರವೇಶದ ದಿನ ತಂದ್ಕೊಡು,” ಎಂದಳು. ನಾನು ಹೂಂ ಎಂದೆ.

ಲಗೇಜ್ ಆಟೋದಲ್ಲಿ ಅದನ್ನು ತಂದು ನೋಡುತ್ತಾ ಕೂತವಳಿಗೆ ತಡೆಯಲಾಗಲಿಲ್ಲ. ಬೆನ್ಸನ್ ಟೌನಿನ ಹಳೇ ಬಂಗಲೆಯೊಂದರಲ್ಲಿ ನನ್ನ ಪ್ರದರ್ಶನ ಶುರುವಾಗುವುದಿತ್ತು. ಹೊಸ್ತಿಲನ್ನು ನೆಟ್ಟಗೆ ನಿಲ್ಲಿಸಿ, ಬಿಳಿ ಗೋಡೆಗೆ ಬಿಗಿದು, ಮೇಲೊಂದು ದೀಪ ಹಾಕಿಸಿದೆ. ಪಕ್ಕದಲ್ಲಿ ‘ಮುಟ್ಟಬೇಡಿ’ ಎಂಬ ಫಲಕ. ಬಂದವರೆಲ್ಲ ಅದರ ಮುಂದೆಯೇ ನಿಂತರು. ದೆಹಲಿಯಲ್ಲೂ ಪ್ರದರ್ಶಿಸೋಣ ಎಂದು ಕರೆ ಬಂತು. ಖುಷಿಯಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ.

ಕೊನೆಯ ವಾರ ದೊಡ್ಡಮ್ಮ ಬಂದಳು. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

“ಹೊಸಲನ್ನ ಗೋಡೆಗೆ ನೇತು ಹಾಕಿದೀಯಲ್ಲೇ! ಇದನ್ನ ದಾಟೋದು ಹೆಂಗೆ?”

ಸುತ್ತ ಇದ್ದವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. “ದೆಹಲಿಯವರು ಕೇಳಿದಾರೆ ದೊಡ್ಡಮ್ಮ, ಎಷ್ಟು ದೊಡ್ಡ ವಿಷಯ ಗೊತ್ತಾ?” ಎಂದೆ.

“ಹಂಗಾದ್ರೆ ಶುಕ್ರವಾರ ಅರಿಶಿನ ಹಚ್ಚೋಕೆ ನಾನು ದೆಹಲಿಗೆ ಹೋಗ್ಬೇಕಾ?” ಅಷ್ಟು ಹೇಳಿ ಫಲಕವನ್ನು ಲೆಕ್ಕಿಸದೆ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಟುಹೋದಳು.

ನನ್ನ ಕೆಲಸ ಇವಳಿಗೆ ಎಂದೂ ಅರ್ಥವಾಗುವುದಿಲ್ಲ ಎಂದು ಎರಡು ದಿನ ಕುದಿದೆ. ಮೂರನೆಯ ದಿನ ದೆಹಲಿಗೆ ಆಗುವುದಿಲ್ಲವೆಂದು ಫೋನು ಮಾಡಿದೆ. ಒಳ್ಳೆಯತನದಿಂದಲ್ಲ, ಅವಳ ಮನೆಗೆ ಮತ್ತೆ ಹೋಗಲಾಗದೇ ಹೋದೀತೆಂಬ ಭಯದಿಂದ.

ಗೃಹಪ್ರವೇಶದ ಹಿಂದಿನ ದಿನ ಹೊಸ್ತಿಲನ್ನು ತಂದುಕೊಟ್ಟೆ. ಬಡಗಿ ಅಳತೆ ಹಿಡಿದರೆ ಅದು ಉದ್ದ, ಹೊಸ ಬಾಗಿಲು ಚಿಕ್ಕದು. ಗೋಡೆ ಒಡೆಯೋಣವೆಂದರೆ ಪಕ್ಕದಲ್ಲೇ ಪಿಲ್ಲರ್. “ಕೊಯ್ಯೋದು ಮಾತ್ರ ಬೇಡ,” ಎಂದೆ. ಗೊತ್ತಿದ್ದ ವಾದಗಳನ್ನೆಲ್ಲ ಹೂಡಿದೆ. ದೊಡ್ಡಮ್ಮ ಕೇಳಿಸಿಕೊಂಡಳು, ಆಮೇಲೆ ಬಡಗಿಯ ಕಡೆ ತಿರುಗಿ, “ಕೊಯ್ಯಪ್ಪಾ,” ಎಂದಳು. ಗರಗಸ ಆಡಿದಷ್ಟು ಹೊತ್ತೂ ನಾನು ಬೀದಿಯಲ್ಲಿ ತಿರುಗಾಡುತ್ತಿದ್ದೆ. ವಾಪಸ್ಸು ಬಂದಾಗ ಕೊಯ್ದ ಜಾಗದಲ್ಲಿ ಮರ ಇನ್ನೂ ಕೆಂಪಗಿತ್ತು. ಗಾರೆ ಮುಚ್ಚುವ ಮೊದಲೇ ಅವಳು ಅಲ್ಲಿಗೂ ಅರಿಶಿನ ಹಚ್ಚಿದಳು.

ಮರುದಿನ ಪೂಜೆ ಮುಗಿಯುತ್ತಿದ್ದಂತೆ ನನ್ನ ಮೊಬೈಲು ಬಡಿದುಕೊಂಡಿತು. ಇನ್ನೊಂದು ಹೊಸ ಕೆಲಸದ ಕರೆ. ಎತ್ತುವ ಮೊದಲು ಒಳ್ಳೆ ಸಿಗ್ನಲ್ ಹುಡುಕುತ್ತಾ ಬಾಗಿಲಿಗೆ ಬಂದು ನಿಂತಿದ್ದೆ.

“ಚಿಕ್ಕವಳಿದ್ದಾಗಿಂದ ಹೇಳ್ತಿದೀನಿ, ಹೊಸಲು ತುಳೀಬೇಡ ಅಂತ,” ಒಳಗಿನಿಂದ ದೊಡ್ಡಮ್ಮ ಕೂಗಿದಳು. “ಒಳಗೆ ಬರ್ತೀಯೋ, ಹೊರಗೆ ಹೋಗ್ತೀಯೋ, ಒಂದು ಹೇಳು.”

ಕೆಳಗೆ ನೋಡಿದೆ. ಅರಿಶಿನ ನನ್ನ ಅಂಗಾಲಿಗೆ ಮೆತ್ತಿತ್ತು. ಮೊಬೈಲು ಇನ್ನೂ ಬಡಿದುಕೊಳ್ಳುತ್ತಲೇ ಇತ್ತು.

“ಕಾಫಿ ಕುಡಿದು ಹೋಗ್ತೀನಿ ದೊಡ್ಡಮ್ಮ,” ಎಂದು ಒಳಗೆ ಕಾಲಿಟ್ಟೆ.