ಬಂಕಿನವರ ಎಡಗಿವಿ

ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ ಇದೆ. ಮೊನ್ನೆ ಬೆಳಿಗ್ಗೆ ಅಲ್ಲಿಗೆ ಒಂದು ಹೊಸ ಕಾರು ಬಂತು. ಗಾಳಿ ನೋಡಲು ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಆಗ ಆ ವಾಸನೆ ಬಂತು. ಹೊಸ ಸೈಲೆನ್ಸರಿಗೆ ಬಳಿದ ಬಣ್ಣ ಮೊದಲ ಸಲ ಕಾದು ಸುಡುವ ವಾಸನೆ. ಅದು ನಾಲ್ಕೈದು ದಿನ ಇರುತ್ತದೆ, ಆಮೇಲೆ ಆ ಗಾಡಿಗೆ ಜನ್ಮದಲ್ಲಿ ಮತ್ತೆ ಬರುವುದಿಲ್ಲ. ನನ್ನ ಕೈ ಹಾಗೇ ನಿಂತುಬಿಟ್ಟಿತು. ಟೈರಿಗೆ ಗಾಳಿ ಹೆಚ್ಚಾಗಿ ಹೋಯಿತು...

ಆ ವಾಸನೆ ನಮ್ಮ ಮನೆಗೆ ಬಂದದ್ದು ಒಂದೇ ಸಲ, ಅಣ್ಣ ಬಿಳಿ ಕಾರು ತಂದಾಗ. ಹತ್ತು ವರ್ಷ ಬೇರೆಯವರ ಜೀಪು ಓಡಿಸಿದವನು ಅವನು. ಯಾರೋ ಕೆಡಿಸಿಟ್ಟ ಎಂಜಿನ್ನಿನ ಹೊಗೆ ಕುಡಿದೂ ಕುಡಿದೂ ರೋಸಿ ಹೋಗಿದ್ದ. ತನ್ನ ಗಾಡಿಯನ್ನು ಮೊದಲ ಕಿಲೋಮೀಟರಿನಿಂದ ತಾನೇ ಪಳಗಿಸಬೇಕು ಅನ್ನುವುದು ಅವನಿಗೆ ವ್ರತದಂತಿತ್ತು. ಹಿಂದಿನ ಗಾಜಿಗೆ ‘ರನ್ನಿಂಗ್ ಇನ್, ಮುಂದೆ ಹೋಗಿ’ ಅಂತ ಕಾಗದ ಅಂಟಿಸಿದ್ದ. ಅರವತ್ತು ದಾಟಿಸುತ್ತಿರಲಿಲ್ಲ. ಸಾವಿರ ಕಿಲೋಮೀಟರ್ ಆಗುವ ತನಕ ನಾಲ್ಕು ಜನ ತುಂಬಿಸುವಂತಿಲ್ಲ, ಏರು ಹತ್ತಿಸುವಂತಿಲ್ಲ. ಸಂಜೆ ಗಾಡಿಯನ್ನು ಶೆಡ್ಡಿಗೆ ಹಾಕಿದ ಮೇಲೆ ಅದು ಎಷ್ಟು ಓಡಿದೆ ಅನ್ನುವ ಅಂಕಿಯನ್ನು ಶೆಡ್ಡಿನ ಬಾಗಿಲಿನ ಒಳಮೈಗೆ ಸೀಮೆಸುಣ್ಣದಲ್ಲಿ ಬರೆದು ಬೀಗ ಹಾಕುತ್ತಿದ್ದ.

ಇದನ್ನೆಲ್ಲ ಅವನಿಗೆ ಕಲಿಸಿದ್ದು ಬಂಕಿನವರು. ಕೊಪ್ಪದಿಂದ ಶೃಂಗೇರಿ ಕಡೆಗೆ ಹೋಗುವಾಗ ಊರ ಅಂಚಿನಲ್ಲಿದ್ದ ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿಯುತ್ತಿದ್ದವರು. ಹೆಸರು ಗೊತ್ತಿತ್ತು, ಆದರೆ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಐವತ್ತರ ಹತ್ತಿರದ ಮನುಷ್ಯ, ಮೊದಲು ಲಾರಿ ಕ್ಲೀನರ್ ಆಗಿದ್ದವರು. ಮೈಲೇಜ್ ನೋಡುವುದೆಂದರೆ ಅವರಿಗೆ ಪೂಜೆಯಷ್ಟು ಶಿಸ್ತು. ಒಂದೇ ಪಂಪು, ಒಂದೇ ಜಾಗ, ಬೆಳಗಿನ ತಂಪಿನ ಹೊತ್ತು. ಟ್ಯಾಂಕಿನ ಕೊರಳ ತನಕ ಪೆಟ್ರೋಲ್ ತುಂಬಿಸಿ, ಬಂಪರಿಗೆ ಕೈಕೊಟ್ಟು ಗಾಡಿಯನ್ನು ತೊಟ್ಟಿಲಿನಂತೆ ತೂಗುತ್ತಿದ್ದರು. ಒಳಗಿನ ಗಾಳಿ ಗುಳುಗುಳು ಅಂತ ಹೊರಗೆ ಬಂದ ಮೇಲೆ ಇನ್ನಷ್ಟು ಹಾಕುತ್ತಿದ್ದರು. ಮುಂದಿನ ಸಲ ಮತ್ತೆ ಅದೇ ಕೊರಳ ತನಕ. ನಡುವೆ ಓಡಿದ ಕಿಲೋಮೀಟರಿಗೆ ಎಷ್ಟು ಹಿಡಿಯಿತೋ ಅದೇ ಲೆಕ್ಕ.

ಮೊದಲ ಸಲ ಲೀಟರಿಗೆ ಹದಿಮೂರು ಬಂದಾಗ ಅಣ್ಣನ ಮುಖ ಕಪ್ಪಿಟ್ಟಿತ್ತು.

“ಎಂತ ಮಾರಾಯ್ರೇ, ಮದುವೆಯಾದ ಮರುದಿನವೇ ತೊಟ್ಟಿಲು ಕೇಳ್ತೀರಲ್ಲ,” ಅಂದರು ಬಂಕಿನವರು. “ಎಂಜಿನ್ ಒಳಗೆ ಪಿಸ್ಟನ್ ರಿಂಗಿಗೂ ಸಿಲಿಂಡರ್ ಬೋರಿಗೂ ಇನ್ನೂ ಗುರುತು ಪರಿಚಯ ಆಗ್ಬೇಕು. ತಿಕ್ಕಾಡ್ತದೆ, ಆಮೇಲೆ ಹೊಂದಿಕೊಳ್ತದೆ. ನೀವು ಮಾತ್ರ ಹೊಡೆದು ಓಡಿಸ್ಬೇಡಿ.”

ಅಣ್ಣ ನಕ್ಕ. ಅವನು ನಗುವುದು ಅಪರೂಪ. ಎರಡನೇ ಸಲ ಹದಿನಾಲ್ಕು ಬಂತು. ಮೂರನೇ ಸಲ ಹದಿನೈದು. ಪ್ರತಿ ಸಲವೂ ಬಂಕಿನವರು ದೂರದಿಂದಲೇ “ಎಷ್ಟು ಕೊಡ್ತು?” ಅಂತ ಕೂಗುತ್ತಿದ್ದರು. ತಮ್ಮದೇ ಕಾರೇನೋ ಅನ್ನುವ ಹಾಗೆ.

ಅಣ್ಣ ಗಾಡಿಯನ್ನು ಹೊಡೆಯುತ್ತಿರಲಿಲ್ಲ. ನನ್ನನ್ನು ಹೊಡೆಯುತ್ತಿದ್ದ. ಅಪ್ಪ ಹೋದ ಮೇಲೆ ಅನ್ನ ಹಾಕಿದವನೂ ಅವನೇ, ಕೈ ಎತ್ತಿದವನೂ ಅವನೇ. ಅವನಿಗೆ ಕೈ ಬಾಯಿಗಿಂತ ಮುಂದೆ ಬರುತ್ತಿತ್ತು. ಕಾರು ಬಂದ ವಾರದಲ್ಲೇ ನಾನು ಅದರ ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿದೆ. ಅಣ್ಣ ನನ್ನ ಕೂದಲು ಹಿಡಿದ. ಬಾನೆಟ್ಟಿಗೆ ಬಡಿದರೆ ಡೆಂಟ್ ಬೀಳುತ್ತದೆಂದು ಜಗಲಿಯ ಕಂಬದ ತನಕ ಎಳೆದುಕೊಂಡು ಹೋಗಿ ಅದಕ್ಕೆ ಬಡಿದ. ಮೂರು ಸಲ. ಅಮ್ಮ ಕೂಗಿದಳು, ಅವಳನ್ನೂ ತಳ್ಳಿದ. ನನಗಾಗ ಇಪ್ಪತ್ತು ವರ್ಷ.

ಮರುದಿನ ಬಂಕಿನಲ್ಲಿ ಅಣ್ಣ ಗಾಳಿ ಹಿಡಿಸುತ್ತಿದ್ದಾಗ ಬಂಕಿನವರು ನನ್ನ ಹತ್ತಿರ ಬಂದರು.

“ಮುಖಕ್ಕೆ ಎಂತ ಆಯ್ತು?”

“ಬಿದ್ದೆ.”

“ಹೂಂ. ಬಿದ್ದೆ.” ಅವರು ಅಣ್ಣನ ಕಡೆ ಒಮ್ಮೆ ನೋಡಿದರು. ಒಳಗಿನಿಂದ ತಣ್ಣಗಿನ ಸೋಡಾ ಬಾಟ್ಲಿ ತಂದು ನನ್ನ ಕೈಗಿಟ್ಟರು. “ಕುಡೀಬೇಡ. ಕೆನ್ನೆಗೆ ಹಿಡ್ಕೋ. ಬಾವು ಇಳೀಲಿ, ಆಮೇಲೆ ಕುಡಿ.”

ಅವರಿಗೆ ನಮ್ಮ ಮನೆಯ ಸಂಗತಿ ಗೊತ್ತಿತ್ತು ಅನ್ನಲು ಇದನ್ನು ಬರೆದೆ.

ಆ ದಿನಗಳಲ್ಲಿ ಬಸ್ ಸ್ಟ್ಯಾಂಡಿನ ಗೆಳೆಯರು ನನ್ನನ್ನು ಬದುಕಗೊಡುತ್ತಿರಲಿಲ್ಲ. “ನಿನ್ನೆ ನಿಮ್ಮಣ್ಣನ ಕಾರನ್ನ ಒಂದು ಎಮ್ಮೆ ಓವರ್‌ಟೇಕ್ ಮಾಡ್ತಂತೆ ಮಾರಾಯ, ಹೌದಾ?” ಅಂತ ಒಬ್ಬ. “ಎಮ್ಮೆ ಹಾರ್ನ್ ಕೂಡ ಹಾಕ್ಲಿಲ್ವಂತೆ,” ಅಂತ ಇನ್ನೊಬ್ಬ. ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಒಂದು ದಿನ ಅಣ್ಣನಿಗೆ ಟ್ಯಾಕ್ಸಿ ಪರ್ಮಿಟ್ಟಿನ ಕಾಗದಕ್ಕಾಗಿ ಚಿಕ್ಕಮಗಳೂರಿಗೆ ಹೋಗಬೇಕಾಯಿತು. ದಾರಿಯಲ್ಲಿ ಏರು ಇದೆಯೆಂದು ಅವನು ಬಸ್ಸಿಗೆ ಹೋದ. ಸ್ವಂತ ಹೊಸ ಕಾರು ಶೆಡ್ಡಿನಲ್ಲಿಟ್ಟು ಬಸ್ಸಿನಲ್ಲಿ ನಿಂತುಕೊಂಡು ಹೋದವನು ಇಡೀ ಕೊಪ್ಪದಲ್ಲಿ ಅವನೊಬ್ಬನೇ ಇರಬೇಕು. ಕಾರಿನ ಎರಡನೇ ಕೀ ಮತ್ತು ಶೆಡ್ಡಿನ ಎರಡನೇ ಕೀ ಅಮ್ಮನ ಅಕ್ಕಿ ಡಬ್ಬಿಯಲ್ಲಿದ್ದವು. ನನಗೆ ಗೊತ್ತಿತ್ತು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಆರು ತಿಂಗಳು ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದೆ. ಆಗಿನ ಕಾರುಗಳಲ್ಲಿ ಗೇರ್ ಬಾಕ್ಸಿನಿಂದ ಸ್ಪೀಡೋಮೀಟರಿಗೆ ಒಂದು ಕೇಬಲ್ ಹೋಗುತ್ತಿತ್ತು. ಅದನ್ನು ಬಿಚ್ಚಿದರೆ ಗಾಡಿ ಎಷ್ಟು ಓಡಿದರೂ ಕಿಲೋಮೀಟರಿನ ಅಂಕಿ ಕದಲುವುದಿಲ್ಲ. ಬಿಚ್ಚಿದೆ. ಅಣ್ಣ ಬಾಗಿಲ ಮೇಲೆ ಬರೆದಿದ್ದ ಅಂಕಿ ಹಾಗೇ ಇರುತ್ತದಲ್ಲ, ಮತ್ತೇನು?

ಬಂಕಿನ ಮುಂದೆ ಹೋಗುವಾಗ ಬಂಕಿನವರು ನೆರಳಿನಲ್ಲಿ ನಿಂತಿದ್ದರು. ಅಣ್ಣನೆಂದು ಕೈ ಎತ್ತಿದರು. ನನ್ನನ್ನು ಕಂಡು ಕೈ ಅರ್ಧಕ್ಕೇ ನಿಂತಿತು. ನಾನು ಗೇರ್ ಇಳಿಸಿ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದೆ.

ಅವತ್ತು ಆ ಎಂಜಿನ್ನನ್ನು ನಾನು ಓಡಿಸಲಿಲ್ಲ, ಹೊಡೆದೆ. ಅಣ್ಣನ ಮೇಲಿದ್ದ ಸಿಟ್ಟನ್ನೆಲ್ಲ ಬಲಗಾಲಿಗೆ ತಂದು ಹೊಡೆದೆ. ಎರಡನೇ ಗೇರಿನಲ್ಲಿ ಅದು ಹಂದಿ ಕಿರುಚಿದಂತೆ ಕಿರುಚುತ್ತಿತ್ತು, ಅದು ಕಿರುಚಿದಷ್ಟೂ ನನಗೆ ಹಿತವಾಗುತ್ತಿತ್ತು. ಶೃಂಗೇರಿ ದಾಟಿದೆ. ಕಿಗ್ಗಾದ ಹತ್ತಿರ ಒಂದು ಕೋಳಿ ಅಡ್ಡ ಬಂತು. ಬ್ರೇಕ್ ಹಾಕಬಹುದಿತ್ತು. ಹಾಕಲಿಲ್ಲ. ಧಬ್ ಅಂತು, ಕನ್ನಡಿಯಲ್ಲಿ ಪುಕ್ಕ ಹಾರಿದ್ದು ಕಂಡಿತು. ಸಿರಿಮನೆಯ ಏರು ಹತ್ತಿ ನಿಂತಾಗ ಬಾನೆಟ್ಟಿನ ಒಳಗಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಅಲ್ಲಿ ನನಗೆ ಹೆದರಿಕೆ ಹತ್ತಿತು. ಎಂಜಿನ್ ತಣಿಯುವ ತನಕ ಕೂತು, ಬಂಪರಿನ ರಕ್ತ ತೊಳೆದು, ವಾಪಸು ಬಂದು ಕೇಬಲ್ ಹಾಕಿದೆ. ಹೋಗಿ ಬರುವಾಗ ತೊಂಬತ್ತು ಕಿಲೋಮೀಟರ್ ಆಗಿರಬೇಕು. ಅಂಕಿ ಕದಲಿರಲಿಲ್ಲ. ಪೆಟ್ರೋಲ್ ಇಳಿದಿತ್ತು, ಅದಕ್ಕೆ ನನ್ನ ಬಳಿ ಉಪಾಯವಿರಲಿಲ್ಲ.

ಪೆಟ್ರೋಲ್ ಮೀಟರಿನ ಮುಳ್ಳು ಇಳಿದದ್ದು ಅಣ್ಣನ ಕಣ್ಣಿಗೆ ಬಿತ್ತು. ಆದರೆ ಮುಳ್ಳನ್ನು ನಂಬಬೇಡಿ, ತುಂಬಿಸಿದಾಗ ಸತ್ಯ ತಿಳಿಯುತ್ತದೆ ಅಂತ ಬಂಕಿನವರೇ ಹೇಳಿಕೊಟ್ಟಿದ್ದರು. ನಾಲ್ಕು ದಿನ ಬಿಟ್ಟು ತುಂಬಿಸಲು ಹೋದೆವು.

“ಎಷ್ಟು ಓಡಿದೆ?”

“ಇನ್ನೂರ ಹತ್ತು,” ಅಂದ ಅಣ್ಣ.

“ಹಾಗಾದ್ರೆ ಹದಿನಾಲ್ಕು ಲೀಟರಿನ ಒಳಗೇ ನಿಲ್ತದೆ, ನೋಡ್ತಾ ಇರಿ.”

ಹದಿನಾಲ್ಕಕ್ಕೆ ನಿಲ್ಲಲಿಲ್ಲ. ಹದಿನೆಂಟು. ಇಪ್ಪತ್ತು. ಇಪ್ಪತ್ತಮೂರು ಲೀಟರಿಗೆ ಪೆಟ್ರೋಲ್ ಕೊರಳಿಗೆ ಬಂತು. ಬಂಕಿನವರ ನಗು ಮಾಯವಾಯಿತು. ಅವರು ಗಾಡಿ ತೂಗಲಿಲ್ಲ.

“ಎಂತ ಆಟ ಇದು?” ಅಂದ ಅಣ್ಣ.

“ಆಟ ಅಲ್ಲ ಮಾರಾಯ್ರೇ. ಟ್ಯಾಂಕ್ ಹಿಡಿದದ್ದು ಅಷ್ಟು.”

“ಲೀಟರಿಗೆ ಒಂಬತ್ತಾ? ಹೋದ ಸಲ ತುಂಬ್ಸಿದ ಹಾಗೆ ನಾಟಕ ಮಾಡಿ, ಈ ಸಲ ಪಂಪಿನ ಮೀಟರ್ ಓಡಿಸ್ತೀಯ?”

“ಅಳೆಯೋ ಕ್ಯಾನ್ ಉಂಟು ಒಳಗೆ, ಐದು ಲೀಟರಿಂದು. ತರ್ತೇನೆ. ನಿಮ್ಮ ಕಣ್ಣೆದುರೇ ಅಳೆದು ನೋಡಿ.”

ಅದನ್ನು ತರಲು ಅವರು ಬೆನ್ನು ತಿರುಗಿಸಿದರು. ಅಣ್ಣ ಸೀಟಿನ ಅಡಿಯಿಂದ ಕಬ್ಬಿಣದ ಜಾಕ್ ರಾಡ್ ಎಳೆದ. ಮೊದಲ ಏಟು ಹೆಗಲಿಗೆ ಬಿತ್ತು. ಅವರು ಮಂಡಿಯೂರಿದರು. ಎರಡನೇ ಏಟಿಗೆ ಬಲಗೈ ಅಡ್ಡ ಹಿಡಿದರು, ಹಸಿ ಕೋಲು ಮುರಿದಂಥ ಸದ್ದು ಕೇಳಿಸಿತು. ಅಣ್ಣ ಅವರ ಅಂಗಿಯ ಕಾಲರ್ ಹಿಡಿದು ಎತ್ತಿ ಪಂಪಿಗೆ ಒರಗಿಸಿದ. ತುಟಿ ಒಡೆದು ರಕ್ತ ಗದ್ದಕ್ಕೆ ಇಳಿದಿತ್ತು.

“ಗಾಡಿಗೆ ಬೀಗ, ಟ್ಯಾಂಕಿಗೆ ಬೀಗ, ಶೆಡ್ಡಿಗೆ ಬೀಗ! ಅಂಕಿ ಒಂದೂ ಹೆಚ್ಚುಕಮ್ಮಿ ಇಲ್ಲ. ಪೆಟ್ರೋಲ್ ಎಲ್ಲಿ ಹೋಯ್ತು, ಹೇಳು!”

ಬಂಕಿನವರು ನನ್ನನ್ನು ನೋಡಿದರು. ಬಾಯಿ ತೆರೆದರು.

ನಾನು ಅವರಿಗೆ ಹೊಡೆದೆ.

ಅಣ್ಣ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಆ ಬಾಯಿಂದ ಮಾತು ಹೊರಡುವ ಮೊದಲು ಅದನ್ನು ಮುಚ್ಚಬೇಕೆಂದು, ಇದ್ದ ಬಲವನ್ನೆಲ್ಲ ಹಾಕಿ, ಎಡಗಿವಿಯ ಮೇಲೆ ಅಂಗೈಯಲ್ಲಿ ಬಾರಿಸಿದೆ. ಅವರ ತಲೆ ಪಂಪಿನ ತಗಡಿಗೆ ಬಡಿಯಿತು. ಅದೇ ಕೈಗೆ ಅವರು ಸೋಡಾ ಬಾಟ್ಲಿ ಕೊಟ್ಟಿದ್ದರು...

ಕಿವಿಯಿಂದ ಸಣ್ಣಗೆ ರಕ್ತ ಬಂತು. ಅವರು ನನ್ನನ್ನೇ ನೋಡುತ್ತಾ, ಅಣ್ಣನಿಗೆ ಅಂದರು, “ಗೊತ್ತಿಲ್ಲ.”

ಅಷ್ಟೇ. ಹೇಳಿದ್ದರೆ ಪೆಟ್ಟು ಅಲ್ಲಿಗೇ ನಿಲ್ಲುತ್ತಿತ್ತು. ಅಣ್ಣ ಇನ್ನೂ ನಾಲ್ಕು ಹೊಡೆದ.

ಬಂಕಿನ ಯಜಮಾನರು ಓಡಿ ಬಂದರು. ಅಳತೆಯ ಕ್ಯಾನ್ ತಂದು ಅದೇ ಪಂಪಿನಿಂದ ಐದು ಲೀಟರ್ ಹಿಡಿದರು. ಪೆಟ್ರೋಲ್ ಗೆರೆಗೆ ಸರಿಯಾಗಿ ನಿಂತಿತು, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅಣ್ಣ ಬಗ್ಗಿ ನೋಡಿದ. “ಕ್ಯಾನೇ ಮೋಸದ್ದು,” ಅಂದು ಗಾಡಿ ಹತ್ತಿದ. ನಾನೂ ಹತ್ತಿದೆ. ಬಾಗಿಲನ್ನು ಮೆಲ್ಲಗೆ ಹಾಕಿದೆ.

ಪೊಲೀಸ್ ಕಂಪ್ಲೇಂಟ್ ಬೇಡ ಅಂದರಂತೆ ಬಂಕಿನವರು. ಕೈ ಮುರಿದವನಿಂದ ಪೈಪು ಹಿಡಿಯಲಾಗುವುದಿಲ್ಲ. ಕಳ್ಳ ಅನ್ನಿಸಿಕೊಂಡವನಿಗೆ ಬೇರೆ ಬಂಕಿನಲ್ಲಿ ಕೆಲಸವೂ ಸಿಗುವುದಿಲ್ಲ. ಅವರು ನರಸಿಂಹರಾಜಪುರದ ತಂಗಿಯ ಮನೆಗೆ ಹೋದರೆಂದು ಕೇಳಿದೆ. ನಾವು ಬೇರೆ ಬಂಕಿಗೆ ಹೋಗತೊಡಗಿದೆವು. ಎಂಜಿನ್ ಅಷ್ಟರಲ್ಲಿ ಹೊಂದಿಕೊಂಡಿತ್ತು, ನಾನು ಕೊಟ್ಟ ಹಿಂಸೆಯನ್ನೂ ತಡೆದುಕೊಂಡಿತ್ತು. ಮೊದಲ ಸಲವೇ ಲೀಟರಿಗೆ ಹದಿನಾರು ಕೊಟ್ಟಿತು. “ನೋಡಿದ್ಯಾ? ಬಂಕ್ ಬದಲಾಯಿಸಿದ ಕೂಡಲೇ ಹದಿನಾರು!” ಅಂದ ಅಣ್ಣ. ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಇವತ್ತಿಗೂ ಮದುವೆ ಮನೆಗಳಲ್ಲಿ ಆ ಕಥೆ ಹೇಳುತ್ತಾನೆ, ಕಳ್ಳನೊಬ್ಬನಿಗೆ ಬುದ್ಧಿ ಕಲಿಸಿದ ಕಥೆ. “ನಮ್ಮ ತಮ್ಮನೂ ಒಂದು ಬಿಟ್ಟ,” ಅಂತ ನನ್ನ ಬೆನ್ನು ತಟ್ಟುತ್ತಾನೆ. ಜನ ನಗುತ್ತಾರೆ. ನಾನು ಪಾಯಸದ ಕಡೆ ನೋಡುತ್ತೇನೆ.

ಎಷ್ಟೋ ವರ್ಷ ಕಳೆದು ಹಳೆ ಟೈರು ತರಲು ನರಸಿಂಹರಾಜಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಬೆಂಚಿನಲ್ಲಿ ಅವರು ಕೂತಿದ್ದರು. ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು, ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದರು. ನಾನು ತಪ್ಪಿಸಿಕೊಳ್ಳುವ ಮೊದಲೇ ಕರೆದರು.

“ಬಾ ಮಾರಾಯ. ಪೆಟ್ಟು ತಿಂದ ಮುಖ ನಿಂದು, ಎಲ್ಲಿ ಕಂಡ್ರೂ ಗುರ್ತು ಸಿಕ್ತದೆ.”

ಕೂತೆ. ಅವರು ನನಗೂ ಒಂದು ಟೀ ಹೇಳಿದರು. ಹೇಗಿದ್ದೀಯ ಅಂತ ಕೇಳಲಿಲ್ಲ. ಕೇಳಿದ್ದು ಒಂದೇ.

“ಅದು ಆಮೇಲೆ ಎಷ್ಟು ಕೊಡ್ತು?”

“ಹದಿನೇಳರ ತನಕ ಹೋಯ್ತು,” ಅಂದೆ.

ಅವರ ಮುಖ ಅರಳಿತು. ಸತ್ಯವಾಗಿಯೂ ಅರಳಿತು. “ನಾನು ಹೇಳಿರ್ಲಿಲ್ವಾ? ಒಳ್ಳೆ ಎಂಜಿನ್ ಅದು. ಸ್ವಲ್ಪ ತಾಳ್ಮೆ ಬೇಕಿತ್ತು, ಅಷ್ಟೇ.”

ಮಾತಾಡುವಾಗ ಅವರು ತಲೆ ಓರೆ ಮಾಡಿ ಬಲಗಿವಿ ಕೊಡುತ್ತಿದ್ದುದನ್ನು ನಾನು ನೋಡಿದ್ದೆ. ಎಡಗಡೆ ಏನೂ ಕೇಳುತ್ತಿರಲಿಲ್ಲ. ಆಮೇಲೆ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಲೋಟ ಇಡುವ ನೆಪದಲ್ಲಿ ಎದ್ದೆ. ವಾಪಸು ಬಂದು ಅವರ ಎಡಗಡೆ ಕೂತೆ. ಕೂತು ಹೇಳಿದೆ. ತಪ್ಪು ನನ್ನದು, ಗಾಡಿ ಒಯ್ದದ್ದು ನಾನು, ನಿಮಗೆ ಹೊಡೆದದ್ದು ಹೆದರಿ, ಕ್ಷಮಿಸಿ. ಎಲ್ಲವನ್ನೂ, ಆ ಸತ್ತ ಕಿವಿಗೆ.

ಪಕ್ಕದಲ್ಲಿ ತುಟಿ ಆಡಿದ್ದು ಕಂಡಿರಬೇಕು. ಅವರು ಪೂರ್ತಿ ತಿರುಗಿ ಬಲಗಿವಿ ಕೊಟ್ಟರು. “ಎಂತ?”

“ಬಸ್ ಬಂತು,” ಅಂದೆ.

ಅವರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಸುದ್ದಿ ಗೊತ್ತಾದಾಗ ಹತ್ತು ದಿನ ಕಳೆದಿತ್ತು. ಇನ್ನು ಅವರ ಯಾವ ಕಿವಿಗೂ ಹೇಳುವಂತಿಲ್ಲ...

ಮೊನ್ನೆ ಕಾರಿನವರು ಇಳಿದು ಬಂದು, “ಎಂತ ಆಯ್ತು, ಗಾಳಿ ಜಾಸ್ತಿ ಹೋಯ್ತಾ?” ಅಂದರು. ಇಳಿಸಿಕೊಟ್ಟೆ. ಅವರು ಸೈಲೆನ್ಸರಿನ ಕಡೆ ನೋಡುತ್ತಾ ಗೊಣಗಿದರು, “ಹದಿನೆಂಟು ಕೊಡ್ತದೆ ಅಂದಿದ್ರು, ಹದಿಮೂರೂ ಕೊಡ್ತಿಲ್ಲ. ಈ ಬಂಕಿನವರು ಕಳ್ಳರು ಮಾರಾಯ್ರೇ.”

“ಅಲ್ಲ,” ಅಂದೆ. ನನ್ನ ದನಿ ಜೋರಾಗಿತ್ತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. “ಬಂಕಿನವರು ಕಳ್ಳರಲ್ಲ. ಗಾಡಿ ಹೊಸದು. ಸ್ವಲ್ಪ ತಡೀರಿ, ಕೊಡ್ತದೆ.”

ಅವರು ಹೋದ ಮೇಲೂ ಆ ವಾಸನೆ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಇತ್ತು. ಅವತ್ತು ಸಂಜೆಯೇ ಇದನ್ನು ಬರೆಯಲು ಕೂತೆ. ಅಣ್ಣನಿಗೆ ಈಗ ವಯಸ್ಸಾಗಿದೆ, ಆದರೂ ಕನ್ನಡಕ ಹಾಕಿಕೊಂಡು ಸಿಕ್ಕಿದ್ದನ್ನೆಲ್ಲ ಓದುತ್ತಾನೆ. ಇದನ್ನೂ ಓದಲಿ. ಓದಿ ಅಂಗಡಿಗೆ ಬರಲಿ. ಆ ಜಾಕ್ ರಾಡ್ ನನ್ನ ಬಳಿಯೇ ಇದೆ, ಅವನ ಕೈಗೆ ಸಿಗುವ ಹಾಗೆ ಬಾಗಿಲ ಪಕ್ಕ ಒರಗಿಸಿಟ್ಟಿದ್ದೇನೆ. ಈ ಸಲ ನಾನು ಬಲಗಡೆಯೇ ನಿಂತು ಹೇಳುತ್ತೇನೆ.